ಇಳಿಯಬೇಕಾದ ಅಂಕಿ

ಜಯನಗರ ಏಳನೇ ಬ್ಲಾಕಿನ ಒಂದು ಮನೆ. ಅತ್ತಿಗೆ ಸ್ತ್ರೀರೋಗ ತಜ್ಞೆ, ಈಗ ನಿವೃತ್ತರು. ನಾದಿನಿ ಬನಶಂಕರಿಯಿಂದ ಮಗಳ ರಿಪೋರ್ಟುಗಳ ಫೈಲು ಹಿಡಿದು ಬಂದಿದ್ದಾರೆ. ಮಗಳು, ಅಳಿಯ ಇರುವುದು ಬಿಟಿಎಂ ಲೇಔಟಿನಲ್ಲಿ.

ನಾದಿನಿ: ಅತ್ತಿಗೆ, ನನಗೆ ಬುಡದಿಂದ ಹೇಳಿ. ನರ್ಸಿಂಗ್ ಹೋಮಿನಲ್ಲಿ ವಿ ಮೋಲ್ ಅಂದರು, ಮಗು ಇಲ್ಲ ಅಂದರು, ತೆಗೆದರು. ಅಲ್ಲಿಗೆ ಮುಗೀತು ಅಂದುಕೊಂಡ್ವಿ. ಒಂದೂವರೆ ತಿಂಗಳಾಯ್ತು, ಈಗ ಕೀಮೋ ಅಂತಿದ್ದಾರೆ. ಕೀಮೋ ಅಂದ ಮೇಲೆ ಕ್ಯಾನ್ಸರ್ ತಾನೆ? ಬಸಿರಿಗೂ ಕ್ಯಾನ್ಸರಿಗೂ ಎಲ್ಲಿಂದೆಲ್ಲಿಯ ನಂಟು?

ಅತ್ತಿಗೆ: ನಂಟು ಮಾಸಿನದು. ಗರ್ಭ ನಿಂತಾಗ ಮಗುವಿನ ಜೊತೆಗೆ ಅದಕ್ಕೆ ಉಣಿಸೋ ಮಾಸೂ ಬೆಳೆಯುತ್ತೆ. ಮಾಸಿನ ಜೀವಕೋಶಕ್ಕೆ ಟ್ರೋಫೋಬ್ಲಾಸ್ಟ್ ಅಂತಾರೆ. ಗರ್ಭಕೋಶದ ಗೋಡೆಯನ್ನು ಕೊರೆದು ತಾಯಿಯ ರಕ್ತನಾಳ ಮುಟ್ಟೋದೇ ಅದರ ಕೆಲಸ. ಸರಿಯಾದ ಬಸಿರಿನಲ್ಲಿ ಇಂತಿಷ್ಟು ಆಳಕ್ಕೆ ಹೋಗಿ ನಿಲ್ಲುತ್ತೆ. ನಿನ್ನ ಮಗಳಿಗೆ ಆದದ್ದರಲ್ಲಿ ಮಗು ಬೆಳೆಯಲೇ ಇಲ್ಲ, ಮಾಸು ಮಾತ್ರ ಬೆಳೀತು. ಅದೂ ನೀರು ತುಂಬಿದ ಗುಳ್ಳೆಗಳಾಗಿ. ಅದಕ್ಕೇ ಮೋಲ್ ಅನ್ನೋದು.

ನಾದಿನಿ: ಅವಳಿಗೆ ಮೂರನೇ ತಿಂಗಳಲ್ಲಿ ರಕ್ತ ಹೋದಾಗ ಅದರಲ್ಲಿ ಅಂಥದ್ದೇ ಬಿತ್ತಂತೆ. ನೆನೆಸಿಟ್ಟ ಸಬ್ಬಕ್ಕಿ ಹಾಗಿತ್ತಮ್ಮ ಅಂದಳು. ಅದಕ್ಕೂ ಮೊದಲು ವಾಂತಿ, ಎದೆ ಡವಡವ, ಕೈ ನಡುಕ. ಬಸಿರಲ್ಲಿ ಇವೆಲ್ಲ ಇದ್ದದ್ದೇ ಅಂತ ನಾನೇ ಸಮಾಧಾನ ಹೇಳಿದ್ದೆ.

ಅತ್ತಿಗೆ: ಯಾವ ತಾಯಿಯಾದರೂ ಹಾಗೇ ಹೇಳ್ತಾಳೆ. ಮಾಸು ಸುರಿಸೋ ಹಾರ್ಮೋನು ಎಚ್‌ಸಿಜಿ. ಮನೆಯಲ್ಲಿ ಮೂತ್ರದ ಪಟ್ಟಿ ಇಟ್ಟು ಬಸಿರು ನೋಡ್ತೀವಲ್ಲ, ಅದು ಹಿಡಿಯೋದು ಇದನ್ನೇ. ಮೋಲ್‌ನಲ್ಲಿ ಅದು ವಿಪರೀತ ಏರುತ್ತೆ. ಅದರ ರಚನೆ ಥೈರಾಯ್ಡನ್ನು ಎಬ್ಬಿಸೋ ಹಾರ್ಮೋನಿಗೆ ಹತ್ತಿರ. ಹಾಗಾಗಿ ತೀರಾ ಹೆಚ್ಚಾದರೆ ಥೈರಾಯ್ಡೂ ಕೆರಳುತ್ತೆ. ಎದೆ ಹೊಡ್ಕೊಳ್ಳೋದು, ಕೈ ನಡುಗೋದು ಅದರಿಂದ. ಹಿಂದೆಲ್ಲ ನಾಲ್ಕನೇ ತಿಂಗಳಿನ ಹೊತ್ತಿಗೆ ಹೊಟ್ಟೆ ಲೆಕ್ಕಕ್ಕಿಂತ ದೊಡ್ಡದಾಗಿ, ಬಿಪಿ ಏರಿ, ಧಾರೆಯಾಗಿ ರಕ್ತ ಹೋಗ್ತಾ ಬರೋರು. ಈಗ ಎಂಟು ಹತ್ತು ವಾರಕ್ಕೇ ಸ್ಕ್ಯಾನ್ ಆಗೋದರಿಂದ ಬಹಳಷ್ಟು ಬೇಗ ಸಿಗುತ್ತೆ.

ನಾದಿನಿ: ಬೀಗಿತ್ತಿಯದು ಒಂದೇ ಮಾತು, ಪಪ್ಪಾಯಿ ತಿಂದಳು ಅಂತ. ಅವರ ಅಕ್ಕ ಗ್ರಹಣದ ದಿನ ಹೊರಗೆ ಹೋಗಿದ್ದು ಎತ್ತಿ ಆಡಿದರು. ಹುಡುಗಿ ಅದನ್ನೇ ಮನಸ್ಸಿಗೆ ಹಚ್ಕೊಂಡು ಕೂತಿದಾಳೆ.

ಅತ್ತಿಗೆ: ಹಾಗಾದರೆ ಇದನ್ನ ನೀನೇ ಬೀಗರ ಮನೆಗೆ ಹೋಗಿ ಹೇಳು. ನಮ್ಮ ಪ್ರತಿ ಜೀವಕೋಶದಲ್ಲಿ 46 ಕ್ರೋಮೋಸೋಮು, ಅರ್ಧ ಅಪ್ಪನದು, ಅರ್ಧ ಅಮ್ಮನದು. ಇವಳಿಗೆ ಆದಂಥ ಪೂರ್ಣ ಮೋಲ್‌ನಲ್ಲೂ ಇರೋದು 46. ಆದರೆ ಅಷ್ಟೂ ಗಂಡಸಿನ ಕಡೆಯದು. ತಾಯಿಯ ಕ್ರೋಮೋಸೋಮು ಕಳೆದುಕೊಂಡ ಅಂಡಾಣುವಿನೊಳಗೆ ಒಂದು ವೀರ್ಯಾಣು ಹೊಕ್ಕು ತನ್ನನ್ನೇ ಇಮ್ಮಡಿ ಮಾಡಿಕೊಳ್ಳುತ್ತೆ. ಹೆಚ್ಚಿನವು ಹೀಗೆ. ಕೆಲವಲ್ಲಿ ಎರಡು ವೀರ್ಯಾಣು ಹೊಗುತ್ತೆ. ಜಪಾನಿನ ಕಾಜಿ, ಓಹಾಮಾ ಅನ್ನೋ ಇಬ್ಬರು 1977ರಲ್ಲಿ ಇದನ್ನ ತೋರಿಸಿಕೊಟ್ಟರು. ಅಪ್ಪನ ಕಡೆಯ ಕೆಲವು ಜೀನುಗಳು ಮಾಸನ್ನು ಬೆಳೆಸೋಕೆ ಎಳೀತವೆ, ಅಮ್ಮನ ಕಡೆಯವು ಅದಕ್ಕೆ ಕಡಿವಾಣ ಹಾಕ್ತವೆ. ಅಮ್ಮನದು ಇಲ್ಲವೇ ಇಲ್ಲ ಅಂದಾಗ ಮಾಸು ಮಿತಿಮೀರಿ ಬೆಳೆಯುತ್ತೆ, ಮಗು ಆಗೋದೇ ಇಲ್ಲ. ಪಪ್ಪಾಯಿಗೂ ಗ್ರಹಣಕ್ಕೂ ಇದರಲ್ಲಿ ಪಾತ್ರವಿಲ್ಲ. ಹಾಗಂತ ಅಳಿಯನ ತಪ್ಪೂ ಅಲ್ಲ. ತೀರಾ ಎಳೆ ವಯಸ್ಸಿನ ತಾಯಂದಿರಲ್ಲಿ, 40 ದಾಟಿದವರಲ್ಲಿ ಹೆಚ್ಚು ಅನ್ನೋದು ನಿಜ. ನಿನ್ನ ಮಗಳಿಗೆ 28. ಇದು ಯಾರೂ ಮಾಡಿದ್ದಲ್ಲ.

ನಾದಿನಿ: ಪೆಥಾಲಜಿ ರಿಪೋರ್ಟಿನಲ್ಲಿ ಪಿ57 ನೆಗೆಟಿವ್ ಅಂತ ಇದೆ. ನೆಗೆಟಿವ್ ಅಂದರೆ ಒಳ್ಳೇದು ಅಂದುಕೊಂಡಿದ್ದೆ.

ಅತ್ತಿಗೆ: ಇಲ್ಲಿ ಹಾಗಲ್ಲ. ಪಿ57 ಪ್ರೋಟೀನು ಬರೋದು ತಾಯಿ ಕಡೆಯ ಜೀನಿನಿಂದ, ಅಪ್ಪನ ಪ್ರತಿ ಮೌನವಾಗಿರುತ್ತೆ. ಬಣ್ಣ ಹಾಕಿ ನೋಡಿದಾಗ ಆ ಪ್ರೋಟೀನು ಕಾಣಲಿಲ್ಲ ಅಂದ್ರೆ ತಾಯಿಯದು ಇಲ್ಲ, ಅಂದ್ರೆ ಪೂರ್ಣ ಮೋಲ್. ಭಾಗಶಃ ಮೋಲ್ ಅಂತ ಇನ್ನೊಂದಿದೆ. ಅದರಲ್ಲಿ ಸರಿಯಾದ ಅಂಡಾಣುವಿಗೆ ಎರಡು ವೀರ್ಯಾಣು ಸೇರಿ 69 ಕ್ರೋಮೋಸೋಮು ಆಗುತ್ತೆ, ಪಿ57 ಕಾಣುತ್ತೆ. ಭೇದ ಯಾಕೆ ಮುಖ್ಯ ಅಂದರೆ, ಪೂರ್ಣ ಮೋಲ್ ತೆಗೆದ ಮೇಲೂ ನೂರರಲ್ಲಿ 15ರಿಂದ 20 ಜನಕ್ಕೆ ಉಳಿದ ಕೋಶಗಳು ಮತ್ತೆ ಬೆಳೀತವೆ. ಭಾಗಶಃ ಮೋಲ್‌ನಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ನಿಮ್ಮ ನರ್ಸಿಂಗ್ ಹೋಮಿನವರು ಹೀರಿ ತೆಗೆದದ್ದನ್ನ ಪೆಥಾಲಜಿಗೆ ಕಳಿಸಿದರಲ್ಲ, ಅದಕ್ಕೆ ಅವರಿಗೆ ಕೈಮುಗೀಬೇಕು. ಎಷ್ಟೋ ಕಡೆ ಮಗುವಿನ ಎದೆಬಡಿತ ಇಲ್ಲ ಅಂತ ಕ್ಲೀನ್ ಮಾಡಿ, ಬಂದದ್ದನ್ನ ಎಸೆದುಬಿಡ್ತಾರೆ. ಸ್ಕ್ಯಾನೂ ಇಲ್ಲದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಮನೆಯಲ್ಲೇ ಗರ್ಭ ತೆಗೆದುಕೊಂಡವರದ್ದಂತೂ ಯಾರ ಕಣ್ಣಿಗೂ ಬೀಳಲ್ಲ. ಭಾಗಶಃ ಮೋಲ್ ಸ್ಕ್ಯಾನಿನಲ್ಲಿ ಮಾಮೂಲಿ ಗರ್ಭಪಾತದ ಹಾಗೇ ಕಾಣಿಸಬಹುದು. ತುಣುಕು ಮೈಕ್ರೋಸ್ಕೋಪಿನ ಕೆಳಗೆ ಹೋಗದಿದ್ದರೆ ಗೊತ್ತಾಗೋದೇ ಇಲ್ಲ.

ನಾದಿನಿ: ಸರಿ, ತೆಗೆದಾಯ್ತು. ಮತ್ತೆ ಹೇಗೆ ಬೆಳೀತು? ಪೂರ್ತಿ ತೆಗೆಯಲಿಲ್ವೇನೋ ಅಂತ ಅಳಿಯನಿಗೆ ಸಂಶಯ. ಇನ್ನೊಮ್ಮೆ ಕ್ಲೀನ್ ಮಾಡಿಸೋಣ ಅಂತಾನೆ.

ಅತ್ತಿಗೆ: ಅವರ ಕೆಲಸದಲ್ಲಿ ಲೋಪವಿಲ್ಲ. ಕೊರೆಯೋದೇ ಆ ಕೋಶದ ಗುಣ ಅಂದೆನಲ್ಲ. ಗುಳ್ಳೆಗಳ ಸಮೇತ ಗರ್ಭಕೋಶದ ಸ್ನಾಯುವಿನೊಳಕ್ಕೆ ಇಳಿದಿದ್ದರೆ ಅದು ಇನ್‌ವೇಸಿವ್ ಮೋಲ್. ಹೀರೋ ನಳಿಕೆ ಒಳಗಿನ ಪೊಟರೆಯನ್ನ ಖಾಲಿ ಮಾಡುತ್ತೆ, ಸ್ನಾಯುವಿನೊಳಗೆ ಕೈಹಾಕಲ್ಲ. ಎರಡನೇ ಸಲ ಕ್ಲೀನ್ ಮಾಡಿ ಗುಣವಾದವರೂ ಇದ್ದಾರೆ. ರೋಗ ಪೊಟರೆಯಲ್ಲೇ ಇದ್ದು, ಎಚ್‌ಸಿಜಿ ಅಂಕಿ ಕಡಿಮೆ ಇದ್ದಾಗ, ಆರಿಸಿ ಮಾಡ್ತಾರೆ. ಇವಳ ಡಾಪ್ಲರ್ ಸ್ಕ್ಯಾನಿನಲ್ಲಿ ನೋಡು, ಸ್ನಾಯುವಿನ ಮಧ್ಯೆ 3.2 ಸೆಂಟಿಮೀಟರಿನ ಗಂಟು, ತುಂಬ ರಕ್ತ ಹರಿಯೋದು. ಅಲ್ಲಿ ಕೆರೆದರೆ ಗೋಡೆ ತೂತಾಗಿ ಹೊಟ್ಟೆಯೊಳಗೆ ರಕ್ತ ತುಂಬಬಹುದು. ಅಳಿಯನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.

ನಾದಿನಿ: ಕೋರಿಯೋಕಾರ್ಸಿನೋಮ ಅಂತಲೂ ಡಾಕ್ಟರ ಬಾಯಲ್ಲಿ ಬಂತು. ಹಾಗಾದರೆ ಬಯಾಪ್ಸಿ ಮಾಡಿ ನೋಡಬೇಡವೇ? ಯಾವ ಕ್ಯಾನ್ಸರಿಗೂ ತುಂಡು ತೆಗೆದು ನೋಡದೆ ಔಷಧಿ ಕೊಡಲ್ಲ ಅಂತ ನೀವೇ ಹೇಳ್ತಿದ್ರಿ.

ಅತ್ತಿಗೆ: ಈ ಕಾಯಿಲೆಗಳ ಗುಂಪು ಅದಕ್ಕೆ ಹೊರತು. ಕೋರಿಯೋಕಾರ್ಸಿನೋಮದಲ್ಲಿ ಗುಳ್ಳೆ ಇರಲ್ಲ, ಬರೀ ಕೋಶಗಳ ಹಾಳೆ. ಅದು ರಕ್ತದ ಮೂಲಕ ಬೇಗ ಹರಡುತ್ತೆ, ಶ್ವಾಸಕೋಶಕ್ಕೆ ಮೊದಲು. ಅರ್ಧದಷ್ಟು ಮೋಲ್ ಆದಮೇಲೆ ಬರುತ್ತೆ. ಇನ್ನುಳಿದದ್ದು ಗರ್ಭಪಾತದ ಮೇಲೋ, ಒಳ್ಳೇ ಹೆರಿಗೆ ಆಗಿ ಮಗು ಆಡ್ತಾ ಇರೋವಾಗಲೋ ಬರುತ್ತೆ. ಆದರೆ ಈ ಎರಡಕ್ಕೂ ಎಚ್‌ಸಿಜಿಯೇ ಗುರುತು, ಕೀಮೋ ಆಯ್ಕೆಯ ಲೆಕ್ಕಾಚಾರವೂ ಒಂದೇ. ಅದು ಇನ್‌ವೇಸಿವ್ ಮೋಲೋ ಕೋರಿಯೋಕಾರ್ಸಿನೋಮವೋ ಅಂತ ಖಚಿತವಾಗದಿದ್ದರೂ ಚಿಕಿತ್ಸೆ ಶುರುಮಾಡಬಹುದು. ಅಷ್ಟೇ ಅಲ್ಲ, ತುಂಡು ತೆಗೆಯೋದೇ ಅಪಾಯ. ಯೋನಿಯಲ್ಲಿ ನೀಲಿ ಬಣ್ಣದ ಗಂಟು ಕಂಡು, ಏನಿದು ಅಂತ ಕತ್ತರಿ ಇಟ್ಟರೆ ರಕ್ತ ನಿಲ್ಲಿಸೋದೇ ಕಷ್ಟ. ನಮ್ಮ ಕಾಲದ ಜೂನಿಯರ್‌ಗಳಿಗೆ ಹೇಳಿ ಹೇಳಿ ಸಾಕಾಗ್ತಿತ್ತು, ಮುಟ್ಟಬೇಡಿ, ರಕ್ತ ಪರೀಕ್ಷೆಗೆ ಕಳಿಸಿ ಅಂತ.

ನಾದಿನಿ: ಬರೀ ಒಂದು ರಕ್ತ ಪರೀಕ್ಷೆ ನಂಬಿ ಕೀಮೋ ಕೊಡೋದು ಅಂದರೆ ನನಗೆ ಎದೆ ಗಟ್ಟಿಯಾಗಲ್ಲ, ಅತ್ತಿಗೆ.

ಅತ್ತಿಗೆ: ಒಂದು ಪರೀಕ್ಷೆ ನಂಬಿ ಕೊಡೋದಲ್ಲ, ಸಾಲು ನೋಡಿ ಕೊಡೋದು. ಫೈಲು ಇತ್ತ ಕೊಡು, ಆ ಪೆನ್ಸಿಲೂ ಕೊಡು. ತೆಗೆಯೋ ಮೊದಲು 2,10,000. ಒಂದು ವಾರಕ್ಕೆ 38,000. ಎರಡನೇ ವಾರ 9,400. ಇಲ್ಲಿಯವರೆಗೆ ಚೆನ್ನಾಗಿ ಇಳಿದಿದೆ. ಮೂರನೇ ವಾರ 6,100. ನಾಲ್ಕನೇ ವಾರ 9,300. ಐದಕ್ಕೆ 9,100, ಆರಕ್ಕೆ 8,900. ಈ 6,100ರ ಕಾಗದದ ತಲೆಬರಹ ಬೇರೆ ಇದೆಯಲ್ಲ?

ನಾದಿನಿ: ಅದು ಬೇರೆ ಲ್ಯಾಬಿನದು. ಆ ವಾರ ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ಡಿಸ್ಕೌಂಟೂ ಇದೆ ಅಂತ ಆ್ಯಪಿನಲ್ಲಿ ಬುಕ್ ಮಾಡಿದರು. 6,100 ಬಂದಾಗ ರಾಗಿಗುಡ್ಡದ ಆಂಜನೇಯನಿಗೆ ಹರಕೆ ತೀರಿಸಿ ಬಂದ್ವಿ. ಮರುವಾರ ಹಳೇ ಲ್ಯಾಬಿಗೆ ಹೋದಾಗ 9,300 ಬಂತು, ಎಲ್ಲರ ಮುಖ ಸಪ್ಪಗಾಯ್ತು.

ಅತ್ತಿಗೆ: ಅದು ಏರಿದ್ದೂ ಅಲ್ಲ, ಇಳಿದದ್ದೂ ಅಲ್ಲ. ಎಚ್‌ಸಿಜಿ ಒಂದೇ ಬಗೆಯ ಅಣುವಲ್ಲ, ಅದರ ತುಂಡುಗಳೂ ರಕ್ತದಲ್ಲಿರ್ತವೆ. ಒಂದು ಕಂಪನಿಯ ಕಿಟ್ಟು ಹಿಡಿಯೋದನ್ನ ಇನ್ನೊಂದು ಹಿಡಿಯಲ್ಲ. ಆದ್ದರಿಂದ ಈ ಪರೀಕ್ಷೆ ಶುರುವಿನಿಂದ ಕೊನೆಯವರೆಗೂ ಒಂದೇ ಲ್ಯಾಬಿನಲ್ಲಿ ಆಗಬೇಕು. ಜಯನಗರ, ಜೆಪಿ ನಗರದಲ್ಲಿ ರಸ್ತೆಗೊಂದು ಲ್ಯಾಬಿರೋದು ಬೇರೆ ಕಾಯಿಲೆಗೆ ಅನುಕೂಲ, ಇದಕ್ಕೆ ತೊಡಕು. ಈ ಒಂದು ಕಾಗದ ಬದಿಗಿಡು. ಉಳಿದದ್ದು ನೋಡು: 9,400, 9,300, 9,100, 8,900. ಒಂದಕ್ಕೊಂದು ನೂರಕ್ಕೆ ಹತ್ತರೊಳಗಿನ ವ್ಯತ್ಯಾಸ. ಕನಿಷ್ಠ ಮೂರು ವಾರದ ಅಂತರದಲ್ಲಿ ನಾಲ್ಕು ಅಂಕಿ ಹೀಗೆ ನಿಂತಲ್ಲೇ ನಿಂತರೆ, ಅಥವಾ ಎರಡು ವಾರದಲ್ಲಿ ಮೂರು ಅಂಕಿ ಹತ್ತರಷ್ಟಕ್ಕಿಂತ ಹೆಚ್ಚು ಏರಿದರೆ, ಒಳಗೆ ಗಡ್ಡೆ ಜೀವಂತ ಇದೆ ಅಂತ ಅರ್ಥ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊ ಹಾಕಿಕೊಟ್ಟ ನಿಯಮ ಅದು. ಮೋಲ್ ತೆಗೆದ ದಿನವೇ ಎಲ್ಲರಿಗೂ ಕೀಮೋ ಯಾಕೆ ಕೊಡಲ್ಲ ಅಂದರೆ, ನೂರರಲ್ಲಿ ಎಂಬತ್ತು ಜನಕ್ಕೆ ಅಂಕಿ ತಾನಾಗೇ ಇಳಿದು ಮುಗಿಯುತ್ತೆ.

ನಾದಿನಿ: ಹೊಸದಾಗಿ ಬಸಿರಾಗಿದ್ದರೂ ಅಂಕಿ ಏರಬಹುದಲ್ಲವೇ?

ಅತ್ತಿಗೆ: ಬಹುದು. ಅದಕ್ಕೇ ಮೊದಲು ಸ್ಕ್ಯಾನ್ ಮಾಡಿ ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು, ಅದಕ್ಕೇ ಈ ಅವಧಿಯಲ್ಲಿ ಬಸಿರಾಗಬಾರದು ಅನ್ನೋದು. ಗರ್ಭನಿರೋಧಕ ಮಾತ್ರೆ ತಗೋಬಹುದು. ಕಾಪರ್ ಟಿ ಮಾತ್ರ ಅಂಕಿ ಮಾಮೂಲಿಗೆ ಬರೋವರೆಗೆ ಬೇಡ, ಮೆತ್ತಗಾದ ಗೋಡೆಗೆ ತೂತು ಬೀಳಬಹುದು. ಪರೀಕ್ಷೆಯೂ ಕೆಲವು ಸಲ ಮೋಸ ಮಾಡುತ್ತೆ. ಹಾರ್ಮೋನು ಲಕ್ಷಗಟ್ಟಲೆ ಇದ್ದಾಗ ಯಂತ್ರ ತಬ್ಬಿಬ್ಬಾಗಿ ಕಡಿಮೆ ತೋರಿಸಬಹುದು, ರಕ್ತವನ್ನ ತೆಳುಮಾಡಿ ಮತ್ತೆ ಅಳೀಬೇಕು. ಇನ್ನು ಕೆಲವರ ರಕ್ತದಲ್ಲಿ ಬೇರೇನೋ ಪ್ರತಿಕಾಯ ಇದ್ದು ಇಲ್ಲದ ಎಚ್‌ಸಿಜಿ ಇದ್ದ ಹಾಗೆ ಕಾಣುತ್ತೆ. ಆಗ ಮೂತ್ರದಲ್ಲೂ ನೋಡಬೇಕು. ಅಲ್ಲಿ ಇಲ್ಲ ಅಂದರೆ ಅದು ಸುಳ್ಳು ಅಂಕಿ. ಅದನ್ನ ನಂಬಿ ಕೀಮೋ, ಆಪರೇಷನ್ ಎಲ್ಲ ಮಾಡಿಸಿಕೊಂಡವರು ಪರದೇಶದಲ್ಲೂ ಇದ್ದಾರೆ.

ನಾದಿನಿ: ಎದೆಯ ಎಕ್ಸ್‌ರೇ ಚೆನ್ನಾಗಿದೆ ಅಂದರು. ಹೊಟ್ಟೆ ಕಾಯಿಲೆಗೆ ಎದೆ ಯಾಕೆ ನೋಡಿದರು ಅಂತ ನಾವು ಮಾತಾಡಿಕೊಂಡ್ವಿ.

ಅತ್ತಿಗೆ: ಒಬ್ಬಾಕೆ ನನ್ನ ಕಣ್ಣ ಮುಂದೆ ಈಗಲೂ ಇದ್ದಾಳೆ. ಹೆರಿಗೆಯಾಗಿ ಏಳೆಂಟು ತಿಂಗಳು, ಕಂಕುಳಲ್ಲಿ ಮಗು. ಕೆಮ್ಮಿದರೆ ರಕ್ತ. ಎಕ್ಸ್‌ರೇಯಲ್ಲಿ ಎರಡೂ ಕಡೆ ದುಂಡು ದುಂಡು ನೆರಳು. ಊರಲ್ಲಿ ಟಿಬಿ ಅಂತ ಔಷಧಿ ಶುರುಮಾಡಿದ್ದರು. ಕಫದಲ್ಲಿ ಕ್ರಿಮಿ ಇರಲಿಲ್ಲ, ಆದರೂ ನಮ್ಮ ದೇಶದಲ್ಲಿ ಎಳೆಯ ಹೆಂಗಸು ರಕ್ತ ಕೆಮ್ಮಿದರೆ ಮೊದಲು ಹೊಳೆಯೋದು ಟಿಬಿಯೇ. ಮುಟ್ಟು ಸರಿಯಿಲ್ಲ, ಮಧ್ಯೆ ಮಧ್ಯೆ ರಕ್ತ ಕಾಣುತ್ತೆ ಅಂತ ನನ್ನ ಹತ್ತಿರ ಬಂದಳು. ಎಚ್‌ಸಿಜಿ ಕಳಿಸಿದೆ, ಲಕ್ಷದ ಮೇಲೆ ಬಂತು. ಟಿಬಿ ಅಲ್ಲ, ಕೋರಿಯೋಕಾರ್ಸಿನೋಮ. ಮಿದುಳಿಗೆ ಹೋಗಿರಲಿಲ್ಲ, ಅದು ಅವಳ ಪುಣ್ಯ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದ್ವಿ, ಐದು ಔಷಧಿ ಸೇರಿಸಿದ ಕೀಮೋ ತಿಂಗಳುಗಟ್ಟಲೆ ನಡೀತು. ತಲೆಯ ಕೂದಲೆಲ್ಲ ಹೋಯ್ತು, ನೆರಳುಗಳೂ ಹೋದವು. ಮಗುವನ್ನ ಸ್ಕೂಲಿಗೆ ಸೇರಿಸಿದ ವರ್ಷ ಬಂದು ನೋಡಿಕೊಂಡು ಹೋದಳು. ನಾನು ಟಿಬಿ ಕ್ಲಿನಿಕ್ಕಿನ ಡಾಕ್ಟರರಿಗೆಲ್ಲ ಹೇಳ್ತಿದ್ದದ್ದು ಇಷ್ಟೇ: ಹೆರುವ ವಯಸ್ಸಿನ ಹೆಂಗಸಿಗೆ ಶ್ವಾಸಕೋಶದಲ್ಲಿ, ಲಿವರಿನಲ್ಲಿ, ಮಿದುಳಿನಲ್ಲಿ ಕಾರಣ ತಿಳಿಯದ ಗಂಟು ಸಿಕ್ಕರೆ, ಸೂಜಿ ಚುಚ್ಚೋ ಮೊದಲು ಒಂದು ಎಚ್‌ಸಿಜಿ ಮಾಡಿಸಿ. ಕೆಲವು ನೂರು ರೂಪಾಯಿಯ ಪರೀಕ್ಷೆ.

ನಾದಿನಿ: ಐದು ಔಷಧಿ! ನಮ್ಮ ಹುಡುಗಿಗೂ ಹಾಗೇನಾ?

ಅತ್ತಿಗೆ: ಇಲ್ಲ. ಅದಕ್ಕೇ ಮಾರ್ಕ್ಸ್ ಹಾಕೋದು. ಎಂಟು ವಿಷಯ ನೋಡ್ತಾರೆ. ವಯಸ್ಸು, ಹಿಂದಿನದು ಮೋಲೋ ಗರ್ಭಪಾತವೋ ಹೆರಿಗೆಯೋ, ಆಗಿ ಎಷ್ಟು ತಿಂಗಳು, ಎಚ್‌ಸಿಜಿ, ಗಡ್ಡೆಯ ಅಳತೆ, ಎಲ್ಲಿಗೆ ಹರಡಿದೆ, ಎಷ್ಟು ಗಂಟು, ಹಿಂದೆ ಯಾವ ಔಷಧಿ ಸೋತಿದೆ. ಇವಳಿಗೆ ಎಚ್‌ಸಿಜಿ ಸಾವಿರದಿಂದ ಹತ್ತು ಸಾವಿರದ ಮಧ್ಯೆ ಇರೋದಕ್ಕೆ ಒಂದು, ಗಡ್ಡೆ ಮೂರು ಸೆಂಟಿಮೀಟರ್ ದಾಟಿದ್ದಕ್ಕೆ ಒಂದು. ಉಳಿದದ್ದಕ್ಕೆಲ್ಲ ಸೊನ್ನೆ. ಒಟ್ಟು ಎರಡು. ಆರರವರೆಗೆ ಕಡಿಮೆ ಅಪಾಯ, ಏಳು ಮುಟ್ಟಿದರೆ ಹೆಚ್ಚು ಅಪಾಯ. ಕಡಿಮೆ ಅಪಾಯದವರಿಗೆ ಒಂದೇ ಔಷಧಿಯಿಂದ ಶುರುಮಾಡ್ತಾರೆ, ಬಹುಮಟ್ಟಿಗೆ ಎಲ್ಲರೂ ಗುಣವಾಗ್ತಾರೆ. ಏಳು ಮುಟ್ಟಿದವರಲ್ಲೂ, ಪಳಗಿದ ಆಸ್ಪತ್ರೆಯಲ್ಲಿ ನೂರಕ್ಕೆ ತೊಂಬತ್ತು ಜನ ಉಳೀತಾರೆ. ಹರಡಿದ ಕ್ಯಾನ್ಸರಿನ ವಿಷಯದಲ್ಲಿ ಇಂಥ ಮಾತು ಹೇಳೋ ಅವಕಾಶ ಡಾಕ್ಟರರಿಗೆ ಬಹಳ ಕಡಿಮೆ ಸಿಗುತ್ತೆ.

ನಾದಿನಿ: ಬೀಗರ ಕಡೆ ಹಿರಿಯರೊಬ್ಬರು ಗರ್ಭಕೋಶವನ್ನೇ ತೆಗೆಸಿಬಿಡಿ, ತಲೆನೋವು ತಪ್ಪುತ್ತೆ ಅಂದರು.

ಅತ್ತಿಗೆ: ಅವಳಿಗೆ 28, ಮಗು ಬೇಕು ಅನ್ನೋ ಆಸೆ ಇದೆ. ಗರ್ಭಕೋಶ ತೆಗೆದರೂ ರಕ್ತಕ್ಕೆ ಹೋದ ಕೋಶ ಹೋಗಲ್ಲ, ಅಂಕಿ ನೋಡೋದೂ ತಪ್ಪಲ್ಲ. ಮಕ್ಕಳಾಗಿ ಮುಗಿದ, 40 ದಾಟಿದ ಹೆಂಗಸಿಗೆ ಅದು ಒಳ್ಳೇ ದಾರಿಯಾಗಬಹುದು. ಇನ್ನೊಂದು ಬಹಳ ಅಪರೂಪದ ಬಗೆ ಇದೆ, ಮಾಸು ಅಂಟಿದ ಜಾಗದ ಕೋಶದಿಂದ ಹುಟ್ಟೋದು, ಪಿಎಸ್‌ಟಿಟಿ ಅಂತಾರೆ. ಅದರಲ್ಲಿ ಎಚ್‌ಸಿಜಿ ಅಷ್ಟು ಏರಲ್ಲ, ಕೀಮೋಗೂ ಅಷ್ಟಾಗಿ ಬಗ್ಗಲ್ಲ, ಅಲ್ಲಿ ಆಪರೇಷನ್ನೇ ಮುಖ್ಯ. ಇವಳದು ಅದಲ್ಲ.

ನಾದಿನಿ: ಹಾಗಾದರೆ ಇವಳಿಗೆ ಏನು ಕೊಡ್ತಾರೆ?

ಅತ್ತಿಗೆ: ಮೆಥೊಟ್ರೆಕ್ಸೇಟ್. ಒಂದು, ಮೂರು, ಐದು, ಏಳನೇ ದಿನ ಸ್ನಾಯುವಿಗೆ 50 ಮಿಲಿಗ್ರಾಂ ಇಂಜೆಕ್ಷನ್. ಪ್ರತಿ ಇಂಜೆಕ್ಷನ್ನಿನ ಮರುದಿನ ಫೋಲಿನಿಕ್ ಆ್ಯಸಿಡ್ ಮಾತ್ರೆ. ಆಮೇಲೆ ಬಿಡುವು, ಮೊದಲ ದಿನದಿಂದ ಎರಡು ವಾರಕ್ಕೆ ಮತ್ತೆ ಶುರು. ಪ್ರತಿ ಸುತ್ತಿಗೂ ಮೊದಲು ರಕ್ತದ ಎಣಿಕೆ, ಲಿವರು, ಕಿಡ್ನಿ ನೋಡ್ತಾರೆ. ಕೂದಲು ಸಾಮಾನ್ಯವಾಗಿ ಉದುರಲ್ಲ. ಬಾಯಿಹುಣ್ಣು ಬರಬಹುದು, ಕಣ್ಣು ಉರೀಬಹುದು. ನೀರು ಚೆನ್ನಾಗಿ ಕುಡೀಲಿ. ಮೈಕೈ ನೋವು ಅಂತ ಡಾಕ್ಟರನ್ನ ಕೇಳದೆ ನೋವಿನ ಮಾತ್ರೆ ನುಂಗಬಾರದು, ಅದರಲ್ಲಿ ಕೆಲವು ಈ ಔಷಧಿಯನ್ನ ಮೈಯಲ್ಲೇ ತಡೆದಿಡ್ತವೆ. ಅಂದಹಾಗೆ, ಬಸಿರಿನಲ್ಲಿ ಕೊಟ್ಟ ಹಳದಿ ಫೋಲಿಕ್ ಆ್ಯಸಿಡ್ ಮಾತ್ರೆ ಇನ್ನೂ ತಗೋತಿದ್ದಾಳೇನು?

ನಾದಿನಿ: ಶಕ್ತಿಗೆ ಇರಲಿ ಅಂತ ನಾನೇ ದಿನಾ ಕೊಡ್ತಿದ್ದೀನಿ. ಡಬ್ಬಿ ಇನ್ನೂ ಅರ್ಧ ಇದೆ.

ಅತ್ತಿಗೆ: ಕೀಮೋ ಡಾಕ್ಟರಿಗೆ ಹೇಳಿ ನಿಲ್ಲಿಸು, ಫೋಲಿಕ್ ಆ್ಯಸಿಡ್ ಇರೋ ವಿಟಮಿನ್ ಮಾತ್ರೆಯನ್ನೂ. ಮೆಥೊಟ್ರೆಕ್ಸೇಟ್ ಕೆಲಸ ಮಾಡೋದೇ ಫೋಲಿಕ್ ಆ್ಯಸಿಡ್ಡಿನ ದಾರಿ ಮುಚ್ಚಿ. ಕೋಶ ವಿಭಜನೆಯಾಗಬೇಕಾದರೆ ಅದು ಬೇಕು, ಸಿಗದ ಹಾಗೆ ಮಾಡಿದರೆ ಬೇಗ ಬೇಗ ಬೆಳೆಯೋ ಕೋಶ ಸಾಯುತ್ತೆ. ಮಧ್ಯೆ ಕೊಡೋ ಫೋಲಿನಿಕ್ ಬೇರೆ, ಅದು ಉಳಿದ ಮೈಯನ್ನ ಕಾಪಾಡೋಕೆ, ಲೆಕ್ಕದ ದಿನಕ್ಕೆ ಮಾತ್ರ. ಫೋಲಿಕ್ ಆ್ಯಸಿಡ್, ಮೆಥೊಟ್ರೆಕ್ಸೇಟ್ ಎರಡರ ಹಿಂದೆಯೂ ನಮ್ಮ ಕಡೆಯದೇ ಒಂದು ಕಥೆ ಇದೆ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಬ್ರಿಟಿಷ್ ವೈದ್ಯೆ ಮುಂಬೈಗೆ ಬಂದರು, ಗಿರಣಿ ಕೆಲಸದ ಬಸುರಿಯರ ರಕ್ತಹೀನತೆ ನೋಡೋಕೆ. ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ತಾರೆ ಅಂತ ಕಂಡುಕೊಂಡರು. ಅದರಲ್ಲಿದ್ದದ್ದೇ ಫೋಲಿಕ್ ಆ್ಯಸಿಡ್ ಅಂತ ಆಮೇಲೆ ಗೊತ್ತಾಯ್ತು. ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯ ಓದಿ ಅಮೆರಿಕಕ್ಕೆ ಹೋದ ಯೆಲ್ಲಾಪ್ರಗಡ ಸುಬ್ಬರಾವ್, ಲೆಡರ್ಲೆ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಅವರ ತಂಡ ಫೋಲಿಕ್ ಆ್ಯಸಿಡ್ಡನ್ನ ಪ್ರಯೋಗಶಾಲೆಯಲ್ಲಿ ತಯಾರಿಸಿತು, ಅದಕ್ಕೆ ಎದುರಾದ ಔಷಧಿಗಳನ್ನೂ ತಯಾರಿಸಿತು. ಅವುಗಳಲ್ಲೊಂದು ಮೆಥೊಟ್ರೆಕ್ಸೇಟ್. ಸುಬ್ಬರಾವ್ 1948ರಲ್ಲೇ ತೀರಿಕೊಂಡರು. ತಮ್ಮ ಔಷಧಿ ಈ ಹೆಂಗಸರನ್ನ ಉಳಿಸಿದ್ದನ್ನ ನೋಡೋಕೆ ಅವರು ಇರಲಿಲ್ಲ.

ನಾದಿನಿ: ಯಾರು ಮೊದಲು ಕೊಟ್ಟು ನೋಡಿದ್ದು?

ಅತ್ತಿಗೆ: ಮಿನ್ ಚಿಯು ಲೀ. ಚೀನಾದಲ್ಲಿ ಹುಟ್ಟಿದವರು, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಯ್ ಹರ್ಟ್ಜ್ ಜೊತೆ ಕೆಲಸ ಮಾಡ್ತಿದ್ದರು. ಕೋರಿಯೋಕಾರ್ಸಿನೋಮ ಶ್ವಾಸಕೋಶಕ್ಕೆ ಹರಡಿ, ಇನ್ನೇನು ಸಾಯ್ತಾರೆ ಅನ್ನೋ ಹೆಂಗಸರಿಗೆ ಮೆಥೊಟ್ರೆಕ್ಸೇಟ್ ಕೊಟ್ಟರು, ಗಡ್ಡೆ ಕರಗಿತು. 1956ರಲ್ಲಿ ಅದನ್ನ ಪ್ರಕಟಿಸಿದರು. ಗಟ್ಟಿ ಗಡ್ಡೆಯ ಕ್ಯಾನ್ಸರು ಬರೀ ಔಷಧಿಯಿಂದ ವಾಸಿಯಾದದ್ದು ಅದೇ ಮೊದಲು. ನನಗೆ ಅದಕ್ಕಿಂತ ದೊಡ್ಡದು ಅಂತ ಕಾಣೋದು ಲೀ ಆಮೇಲೆ ಮಾಡಿದ್ದು. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಹೆಂಗಸು ಆರಾಮಾಗಿದ್ದಾಳೆ, ಹಾರ್ಮೋನಿನ ಅಂಕಿ ಮಾತ್ರ ಸ್ವಲ್ಪ ಉಳಿದಿದೆ. ಲೀ ಔಷಧಿ ನಿಲ್ಲಿಸಲಿಲ್ಲ. ಅಂಕಿ ಇದ್ದರೆ ಗಡ್ಡೆಯೂ ಇದೆ, ಅದು ಸೊನ್ನೆಯಾಗೋವರೆಗೆ ಕೊಡಲೇಬೇಕು ಅಂದರು. ಕಣ್ಣಿಗೆ ಕಾಣದ ಕಾಯಿಲೆಗೆ ವಿಷ ಕೊಡ್ತಿದ್ದಾರೆ ಅಂತ ಸಂಸ್ಥೆಯವರು ಅವರನ್ನ ಕೆಲಸದಿಂದ ತೆಗೆದರು. ಬೇಗ ನಿಲ್ಲಿಸಿದವರಲ್ಲಿ ಕಾಯಿಲೆ ಮರಳಿತು, ಲೀ ಕೊನೆಯವರೆಗೆ ಕೊಟ್ಟವರು ಉಳಿದರು. 1972ರಲ್ಲಿ ಅವರಿಗೆ, ಹರ್ಟ್ಜ್‌ಗೆ ಲಾಸ್ಕರ್ ಪ್ರಶಸ್ತಿ ಬಂತು. ಇವತ್ತಿಗೂ ಅಂಕಿ ಮಾಮೂಲಿಗೆ ಬಂದ ಮೇಲೆ ಇನ್ನೂ ಮೂರು ಸುತ್ತು ಕೊಡ್ತಾರೆ. ಆ ಮೂರು ಸುತ್ತು ನಿನ್ನ ಮಗಳಿಗೆ ಬೇಡ ಅನ್ನಿಸುತ್ತೆ, ಆಫೀಸಿಗೆ ರಜೆ ಸಿಗಲ್ಲ ಅಂತಾಳೆ. ಆಗ ನೀನು ಗಟ್ಟಿಯಾಗಿರು.

ನಾದಿನಿ: ಈ ಔಷಧಿಗೂ ಅಂಕಿ ಇಳಿಯದಿದ್ದರೆ?

ಅತ್ತಿಗೆ: ಆಕ್ಟಿನೋಮೈಸಿನ್‌ಗೆ ಬದಲಾಯಿಸ್ತಾರೆ. ಅದಕ್ಕೂ ಬಗ್ಗದಿದ್ದರೆ ಆ ಐದು ಔಷಧಿಯ ಕೀಮೋ. ಈಚೆಗೆ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸೋ ಔಷಧಿಗಳೂ ಬಂದಿವೆ. ಫ್ರಾನ್ಸಿನಲ್ಲಿ ಒಂದೇ ಔಷಧಿಗೆ ಬಗ್ಗದ 15 ಹೆಂಗಸರಿಗೆ ಅವೆಲುಮ್ಯಾಬ್ ಕೊಟ್ಟರು, 8 ಜನಕ್ಕೆ ಎಚ್‌ಸಿಜಿ ಮಾಮೂಲಿಗೆ ಬಂತು. 2020ರಲ್ಲಿ ಅದು ಪ್ರಕಟವಾಯ್ತು. ಬೆಲೆ ಬಹಳ. ಇವಳಿಗೆ ಅಲ್ಲಿಯವರೆಗೆ ಹೋಗೋ ಪ್ರಮೇಯ ಬರೋದು ಕಷ್ಟ.

ನಾದಿನಿ: ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಅಂತ ಬರೆದುಕೊಟ್ಟಿದ್ದಾರೆ. ಆ ಹೆಸರು ಕೇಳಿಯೇ ಹುಡುಗಿ ಅತ್ತಳು.

ಅತ್ತಿಗೆ: ಬಿಟಿಎಂನಿಂದ ಡೇರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ರಾಯಚೂರು, ಕಲಬುರಗಿಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ಆ ಅಂಗಳದಲ್ಲಿ ಕಾಯೋರನ್ನ ನೋಡಿದರೆ ನಾವು ಎಷ್ಟು ಹತ್ತಿರ ಇದ್ದೀವಿ ಅನ್ನಿಸುತ್ತೆ. 1973ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಇನ್ನೊಂದು ಕೆಲಸ ನಡೆಯುತ್ತೆ, ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಅಂತ 1982ರಿಂದ ಲೆಕ್ಕ ಇಡ್ತಾ ಬಂದಿದ್ದಾರೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಊರಿನ ಜನರ ಲೆಕ್ಕ ಇಡೋ ಮೊದಲ ಮೂರು ನೋಂದಣಿಗಳಲ್ಲಿ ಬೆಂಗಳೂರಿನದೂ ಒಂದು, ಮುಂಬೈ, ಚೆನ್ನೈ ಜೊತೆಗೆ. ಆದರೆ ಆ ಪುಸ್ತಕಕ್ಕೆ ಸೇರೋದು ಕ್ಯಾನ್ಸರ್ ಅಂತ ಖಚಿತವಾದದ್ದು. ಕೋರಿಯೋಕಾರ್ಸಿನೋಮ ಸೇರುತ್ತೆ, ಮೋಲ್ ಸೇರಲ್ಲ. ಇನ್‌ವೇಸಿವ್ ಮೋಲ್‌ಗೂ ರೋಗಗಳ ಪಟ್ಟಿಯಲ್ಲಿ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನೋ ಸಂಕೇತ. ನಿನ್ನ ಮಗಳು ಕೀಮೋ ತಗೊಂಡು ವಾಸಿಯಾಗಿ ಮನೆಗೆ ಬಂದರೂ ಎಲ್ಲೂ ಲೆಕ್ಕಕ್ಕೆ ಸಿಗದೆ ಹೋಗಬಹುದು. ಅದೇ 1973ರಲ್ಲಿ ಬ್ರಿಟನ್ ಏನು ಮಾಡಿತು ಗೊತ್ತಾ? ಮೋಲ್ ಆದ ಹೆಂಗಸರನ್ನ ಕ್ಯಾನ್ಸರ್ ಆಗೋ ಮೊದಲೇ ನೋಂದಾಯಿಸೋಕೆ ಶುರುಮಾಡಿತು. ಲಂಡನ್ನಿನ ಚೇರಿಂಗ್ ಕ್ರಾಸ್, ಶೆಫೀಲ್ಡ್, ಡಂಡೀ, ಈ ಮೂರು ಕಡೆಯೇ. ಮನೆಯಿಂದ ಅಂಚೆಯಲ್ಲಿ ಸ್ಯಾಂಪಲ್ ಹೋಗುತ್ತೆ. ಒಂದು ವಾರ ಬರಲಿಲ್ಲ ಅಂದರೆ ಅಲ್ಲಿಂದಲೇ ಕೇಳ್ತಾರೆ, ಯಾಕೆ ಕಳಿಸಲಿಲ್ಲ ಅಂತ.

ನಾದಿನಿ: ನಮ್ಮಲ್ಲಿ ಯಾರು ಕೇಳ್ತಾರೆ?

ಅತ್ತಿಗೆ: ಯಾರೂ ಇಲ್ಲ. ಡಾಕ್ಟರು ಬದಲಾಗ್ತಾರೆ, ಮನೆ ಬದಲಾಗುತ್ತೆ, ಹುಡುಗಿ ತವರಿಗೆ ಹೋಗ್ತಾಳೆ. ರಕ್ತಸ್ರಾವ ನಿಂತಿತು, ಇನ್ನೇನು ಅಂತ ಮೂರನೇ ವಾರಕ್ಕೇ ಪರೀಕ್ಷೆ ಬಿಟ್ಟವರನ್ನ ನಾನು ಎಷ್ಟು ಜನರನ್ನ ನೋಡಿದ್ದೀನೋ. ಆರು ತಿಂಗಳ ಮೇಲೆ ಎದೆ ತುಂಬ ಗಂಟು ಹೊತ್ತು ಬರೋರು. ಈ ಕಾಯಿಲೆಯಲ್ಲಿ ಔಷಧಿ ಇಲ್ಲದೆ ಸತ್ತವರಿಗಿಂತ ಅಂಕಿ ನೋಡೋರಿಲ್ಲದೆ ಸತ್ತವರೇ ಹೆಚ್ಚು ಅಂತ ನನ್ನ ಖಚಿತ ಅಭಿಪ್ರಾಯ. ಔಷಧಿ ಅಗ್ಗ, ನಮ್ಮ ದೇಶದಲ್ಲೇ ತಯಾರಾಗುತ್ತೆ. ಕರ್ನಾಟಕದ ಪ್ರತಿ ಮೋಲ್ ಕೇಸೂ ಒಂದು ಕಡೆ ದಾಖಲಾಗಿ, ತಪ್ಪಿದ ವಾರ ಒಬ್ಬ ನರ್ಸು ಫೋನ್ ಮಾಡೋ ಏರ್ಪಾಡು ಆಗಬೇಕು. ಆಶಾ ಕಾರ್ಯಕರ್ತೆಯರು ಬಾಣಂತಿಯರನ್ನ ಹಿಂಬಾಲಿಸ್ತಾರಲ್ಲ, ಮಗು ಇಲ್ಲದೆ ಮನೆಗೆ ಬಂದ ಈ ಹೆಂಗಸರನ್ನೂ ಅವರ ಪಟ್ಟಿಗೆ ಸೇರಿಸಬೇಕು.

ನಾದಿನಿ: ಅಲ್ಲಿಯವರೆಗೆ ನಾನೇ ಲೆಕ್ಕ ಇಡ್ತೀನಿ ಬಿಡಿ. ಮುಂದೆ ಅವಳಿಗೆ ಮಕ್ಕಳಾಗುತ್ತಾ, ಅದನ್ನ ಹೇಳಿ. ಅವಳು ಕೇಳೋದು ಅದೊಂದೇ.

ಅತ್ತಿಗೆ: ಆಗುತ್ತೆ. ಕೀಮೋ ಮುಗಿದು ಒಂದು ವರ್ಷ ಕಾಯಬೇಕು. ಕಾಯಿಲೆ ಮರಳೋದಿದ್ದರೆ ಹೆಚ್ಚಾಗಿ ಆ ವರ್ಷದಲ್ಲೇ, ಅಷ್ಟರಲ್ಲಿ ಬಸಿರಾದರೆ ಅಂಕಿ ಯಾವುದರದ್ದು ಅಂತ ತಿಳಿಯಲ್ಲ. ಮತ್ತೆ ಮೋಲ್ ಆಗೋ ಸಂಭವ ನೂರಕ್ಕೆ ಒಂದೋ ಎರಡೋ. ಮುಂದಿನ ಬಸಿರಿನಲ್ಲಿ ಬೇಗ ಸ್ಕ್ಯಾನ್ ಮಾಡಿಸಲಿ, ಹೆರಿಗೆಯಾಗಿ ಆರು ವಾರಕ್ಕೆ ಒಂದು ಎಚ್‌ಸಿಜಿ ಮಾಡಿಸಲಿ.

ನಾದಿನಿ: ನಮ್ಮ ಚಿಕ್ಕಮ್ಮನ ಸೊಸೆಗೆ ಮೂರು ಸಲ ಹೀಗೇ ಆಯ್ತಲ್ಲ. ಅವರದು ಸೋದರಮಾವನ ಮದುವೆ. ಸಂಬಂಧದಲ್ಲಿ ಕೊಟ್ಟದ್ದಕ್ಕೇ ಅಂತಾರೆ.

ಅತ್ತಿಗೆ: ಒಂದು ಸಲ ಆದವರಿಗೆ ಆ ಮಾತು ಹೊಂದಲ್ಲ. ಮೇಲಿಂದ ಮೇಲೆ ಆದರೆ ಮಾತ್ರ ಜೀನ್ ನೋಡಬೇಕು. ಎನ್‌ಎಲ್‌ಆರ್‌ಪಿ7 ಅನ್ನೋ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಹೀಗಾಗುತ್ತೆ ಅಂತ 2006ರಲ್ಲಿ ಗೊತ್ತಾಯ್ತು. ಅಂಥವರ ಮೋಲ್‌ನಲ್ಲಿ ಅಪ್ಪ ಅಮ್ಮ ಇಬ್ಬರ ಕ್ರೋಮೋಸೋಮೂ ಇರುತ್ತೆ, ದೋಷ ಅಂಡಾಣುವಿನ ತಯಾರಿಯಲ್ಲಿ. ಆ ಹೆಂಗಸಿನ ಅಪ್ಪ ಅಮ್ಮ ಒಂದೇ ಮನೆತನದವರಾದರೆ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಬರೋ ಸಂಭವ ಹೆಚ್ಚು. ನಮ್ಮ ಕಡೆ ಸೋದರಿಕೆ ಇನ್ನೂ ನಡೀತಾ ಇರೋದರಿಂದ ಇದು ನಮಗೆ ಗೊತ್ತಿರಬೇಕಾದ ವಿಷಯ. ಅಂಥವರು ಗಂಡನನ್ನೋ ದೇವರನ್ನೋ ದೂರಿ ನಾಲ್ಕನೇ ಸಲ ಪ್ರಯತ್ನ ಮಾಡೋ ಬದಲು, ಬೇರೆಯವರ ಅಂಡಾಣು ಪಡೆದು ತಾವೇ ಹೆರಬಹುದು, ಹೆತ್ತವರಿದ್ದಾರೆ. ಚಿಕ್ಕಮ್ಮನ ಸೊಸೆಗೆ, ಅವಳ ಅಕ್ಕತಂಗಿಯರಿಗೆ ಇದನ್ನ ತಿಳಿಸು.

ನಾದಿನಿ: ತಿಳಿಸ್ತೀನಿ. ನಮ್ಮ ಕಾಲೊನಿಯ ಹೆಂಗಸರಿಗೂ ಹೇಳಬೇಕು ಅನ್ನಿಸ್ತಿದೆ. ಇಷ್ಟೆಲ್ಲ ಹೇಳಿದರೆ ಹೆದರಿಬಿಡ್ತಾರೆ. ಏನಂತ ಹೇಳಲಿ?

ಅತ್ತಿಗೆ: ಎರಡೇ ಹೇಳು. ಯಾವ ಕಾರಣಕ್ಕೆ ಗರ್ಭ ಹೋಗಿದ್ದರೂ, ತೆಗೆದ ತುಣುಕನ್ನ ಪೆಥಾಲಜಿಗೆ ಕಳಿಸಿದ್ದೀರಾ ಅಂತ ಡಾಕ್ಟರನ್ನ ಕೇಳಿ, ಆ ರಿಪೋರ್ಟನ್ನ ಕೈಗೆ ತಗೊಳ್ಳಿ. ಹೆರಿಗೆಯಾಗಿರಲಿ, ಗರ್ಭಪಾತವಾಗಿರಲಿ, ಆರು ವಾರ ಕಳೆದರೂ ರಕ್ತಸ್ರಾವ ನಿಲ್ಲದಿದ್ದರೆ ಬೀಟಾ ಎಚ್‌ಸಿಜಿ ಮಾಡಿಸಿ, ಅದೂ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ.